ಪಾಸ್‌ಪೋರ್ಟ್ ಬಂದಿತ್ತು, ನಾಯಿ ಬಿಡಲಿಲ್ಲ

ಸುಜಾತಾ, ಪಾಸ್‌ಪೋರ್ಟ್ ತಂದಿದ್ದ ಅಂಚೆಯವರು ಗೇಟಿನಿಂದಲೇ ಹಿಂದಿರುಗಿದರು, ಅದು ವಾಪಸ್ ಹೋಗಿಬಿಡುತ್ತದೆಯೇ, ಅವರ ಮೇಲೆ ದೂರು ಕೊಡಲೇ ಎಂದು ನೀನು ಗುಂಪಿನಲ್ಲಿ ಕೇಳಿದ್ದನ್ನು ನಿಮ್ಮ ದೊಡ್ಡಪ್ಪ ನನಗೆ ಓದಿ ಹೇಳಿದರು. ದೂರಿನ ಮಾತು ಆಮೇಲಿರಲಿ, ಆ ಹೊತ್ತಿನಲ್ಲಿ ನಿಮ್ಮ ನಾಯಿ ರಾಜನನ್ನು ಕಟ್ಟಿದ್ದಿರೋ ಇಲ್ಲವೋ, ಅದನ್ನು ಮೊದಲು ಹೇಳವ್ವಾ.

ನಾವೆಲ್ಲ ಬಳ್ಳಾರಿಯ ಕೌಲ್‌ಬಜಾರಿನಲ್ಲಿ ಬಾಡಿಗೆಗೆ ಇದ್ದಾಗ ನಡೆದದ್ದು ನಿಮ್ಮಪ್ಪನಿಗೂ ಗೊತ್ತು. ಪಕ್ಕದ ಮನೆಯವರ ನಾಯಿ ಬಹಳ ಸಾಧು ಎಂದು ಓಣಿಗೆಲ್ಲ ಹೆಸರಾಗಿತ್ತು. ಒಂದು ಬೇಸಿಗೆಯಲ್ಲಿ ನಿಮ್ಮಜ್ಜಿಯ ವಿಧವಾ ವೇತನದ ಮನಿಯಾರ್ಡರ್ ಹಿಡಿದು ಬಂದ ಅಂಚೆಯವರು ಸೈಕಲ್ಲಿನ ಗಂಟೆ ಬಾರಿಸಿದ್ದೇ ತಡ, ಆ ಸಾಧು ನಾಯಿ ಅರ್ಧ ತೆರೆದಿದ್ದ ಬಾಗಿಲಿನಿಂದ ಹಾರಿ ಬಂದು ಅವರ ಮೀನಖಂಡಕ್ಕೆ ಬಾಯಿ ಹಾಕಿತು. ಕಾಗದಗಳೆಲ್ಲ ಚರಂಡಿಯ ಪಾಲಾದವು. ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಓಡಬೇಕೆಂದು ಅಲ್ಲಿ ಒಬ್ಬರಿಗೂ ತಿಳಿಯಲಿಲ್ಲ, ಅರಿಶಿನ ಮೆತ್ತಿದರು. ಆಗ ಹೊಟ್ಟೆಗೇ ಚುಚ್ಚುತ್ತಿದ್ದ ಆ ಸೂಜಿಗಳನ್ನೆಲ್ಲ ಅವರು ಸಹಿಸಬೇಕಾಯಿತು. ನಾಯಿಯ ಯಜಮಾನರಾದರೋ ಗಂಟೆ ಬಾರಿಸಿದ್ದೇ ತಪ್ಪೆಂದು ವಾದಿಸಿದರು. ಆಮೇಲೆ ಬಂದ ಅಂಚೆಯವರು ಓಣಿಯೊಳಗೆ ಕಾಲಿಡದೆ ಮೂಲೆಯಲ್ಲೇ ನಿಂತು ಕೂಗುತ್ತಿದ್ದುದರಿಂದ, ಯಾರದೋ ನಾಯಿಗಾಗಿ ನಿಮ್ಮಜ್ಜಿ ಬಳ್ಳಾರಿಯ ಬಿಸಿಲಿನಲ್ಲಿ ಅಲ್ಲಿಯವರೆಗೆ ನಡೆಯಬೇಕಾಯಿತು.

ಆದ್ದರಿಂದ ಅಂಚೆಯವರು ಬರುವ ಹೊತ್ತಿಗೆ ನಾಯಿಯನ್ನು ಒಳಗೆ ಕಟ್ಟಿ, ಬಾಗಿಲು ಹಾಕಿರಿ. 'ಅದು ಏನೂ ಮಾಡುವುದಿಲ್ಲ, ಬನ್ನಿ' ಎನ್ನುತ್ತಾ ಅದರ ಕಣ್ಣೆದುರಿಗೇ ಕಾಗದಕ್ಕೆ ಕೈ ಚಾಚಬೇಡಿರಿ. ತನ್ನವರ ಕಡೆಗೆ ಪರಕೀಯ ಕೈ ಬಂದರೆ ನಾಯಿ ಎರಗಬಹುದು. ಮತ್ತೊಮ್ಮೆ ಹೇಳುತ್ತೇನೆ, ಗೇಟು ಹಾಕಿದರೆ ಸಾಲದು, ನಾಯಿಯನ್ನು ಕಟ್ಟಲೇಬೇಕು.

ನನ್ನ ಮಾತಿಗೆ ನಮ್ಮ ಮನೆತನದಲ್ಲಿ ಬೆಲೆಯಿಲ್ಲವೆಂಬುದೂ ನನಗೆ ತಿಳಿದಿದೆ. ಕೊಪ್ಪಳದ ನಿಮ್ಮ ಗೃಹಪ್ರವೇಶದ ದಿನ ಗೇಟಿಗೊಂದು ಅಂಚೆ ಡಬ್ಬಿ ಹಾಕಿಸಿ, ಮನೆ ನಂಬರನ್ನು ದೊಡ್ಡದಾಗಿ ಬರೆಸಿ ಎಂದಾಗ ನಕ್ಕವರು ಯಾರು? ಕಾಂಪೌಂಡಿಗೆಲ್ಲ ಗ್ರಾನೈಟ್ ಹಾಕಿಸಿದಿರಿ. ಊಟ ತರುವ ಹುಡುಗನಿಗೆ ಮೊಬೈಲಿನಲ್ಲೇ ದಾರಿ ತೋರಿಸುತ್ತೀರಿ. ಅಂಚೆಯವರು ಮಾತ್ರ ಮನೆ ಮನೆ ವಿಚಾರಿಸುತ್ತಾ ಅಲೆಯಬೇಕು. ನಿನ್ನ ಅಣ್ಣನ ಮದುವೆಯ ಲಗ್ನಪತ್ರಿಕೆ ನಮಗೆ ತಲುಪಿದ್ದು ಮದುವೆ ಮುಗಿದ ಮೇಲೆ. ನಮ್ಮ ಬಳ್ಳಾರಿಯ ವಿಳಾಸಕ್ಕೆ 583101 ಎಂದು ಬರೆಯುವ ಬದಲು ನಿಮ್ಮದೇ 583231 ಬರೆದಿದ್ದಿರಿ. ಮೊದಲ ಮೂರು ಅಂಕಿ ಎರಡೂ ಊರಿಗೆ ಒಂದೇ ಇದ್ದರೂ, ಯಾವ ಅಂಚೆ ಕಚೇರಿಗೆ ಹೋಗಬೇಕೆಂಬುದನ್ನು ಹೇಳುವುದು ಕೊನೆಯ ಮೂರು. ಕರೆದಿಲ್ಲವೆಂದು ನಾನು ಎಷ್ಟು ನೊಂದುಕೊಂಡೆನೆಂಬುದನ್ನು ಇದುವರೆಗೆ ಒಬ್ಬರೂ ಕೇಳಿಲ್ಲ.

ಅಯ್ಯೋ, ನೀನು ಕೇಳಿದ್ದೇ ಉಳಿಯಿತು. ಪಾಸ್‌ಪೋರ್ಟ್ ಕೂಡಲೇ ವಾಪಸ್ ಹೋಗುವುದಿಲ್ಲ. ಕೆಲವು ದಿನ ಅಂಚೆ ಕಚೇರಿಯಲ್ಲಿಟ್ಟು, ಆಮೇಲೆ ಕಳುಹಿಸಿದ ಪಾಸ್‌ಪೋರ್ಟ್ ಕಚೇರಿಗೇ ಹಿಂದಿರುಗಿಸುತ್ತಾರೆ. ಆದ್ದರಿಂದ ನಾಳೆಯೇ ಮೂಲ ಆಧಾರ್ ಕಾರ್ಡನ್ನೂ ಮೊಬೈಲಿಗೆ ಬಂದಿರುವ ಸ್ಪೀಡ್ ಪೋಸ್ಟ್ ನಂಬರನ್ನೂ ಹಿಡಿದು ನೀನೇ ಹೋಗು, ತಮ್ಮನನ್ನು ಕಳುಹಿಸಬೇಡ. ಅಲ್ಲಿ ಆ ಅಂಚೆಯವರು ಸಿಕ್ಕರೆ ನಿಮ್ಮ ಓಣಿಗೆ ಯಾವ ಹೊತ್ತಿಗೆ ಬರುತ್ತಾರೆಂದು ಕೇಳಿಕೊಂಡು, ನಿನ್ನ ಮೊಬೈಲ್ ನಂಬರು ಕೊಟ್ಟು ಬಾ. ದೂರಿನ ಅರ್ಜಿಯನ್ನು ಮಾತ್ರ ಬರೆಯಬೇಡ.