ಟೋಕಿಯೊದಲ್ಲಿ ತಂಗಿ ಮನೆ, ಜೊತೆಗೆ ಘಿಬ್ಲಿ ಮ್ಯೂಸಿಯಂ: ಅತ್ತೆಯನ್ನೂ ಕರೆದುಕೊಂಡು ಹೋಗಬಹುದಾ?

ಮಳೆಹನಿ:
ನನ್ನ ತಂಗಿ ಟೋಕಿಯೊದ ನಿಶಿ ಕಸಾಯ್‌ನಲ್ಲಿ ಇದ್ದಾಳೆ. ತುಂಬಾ ದಿನದಿಂದ ಕರೆಯುತ್ತಲೇ ಇದ್ದಳು, ಈ ಸಲ ಕೊನೆಗೂ ಹೊರಟಿದ್ದೇವೆ. ನಾನು, ನಮ್ಮ ಮನೆಯವರು, ಅತ್ತೆ, 9 ಮತ್ತು 4 ವರ್ಷದ ಇಬ್ಬರು ಮಕ್ಕಳು. ದೊಡ್ಡವಳಿಗೆ ಜಪಾನಿನ ಕಾರ್ಟೂನ್ ಸಿನಿಮಾದ ಟೊಟೊರೊ ಅಂದರೆ ಪ್ರಾಣ, ಅವಳು ಬಾಯಿಬಿಟ್ಟು ಕೇಳಿದ್ದು ಆ ಸಿನಿಮಾ ಮಾಡಿದ ಸ್ಟುಡಿಯೊದವರ, ಮಿಟಾಕಾದಲ್ಲಿರುವ ಘಿಬ್ಲಿ ಮ್ಯೂಸಿಯಂ ಒಂದನ್ನೇ. ಆದರೆ ಒಳಗೆ ಫೋಟೊ ತೆಗೆಯಲು ಬಿಡಲ್ಲ, ಟಿಕೆಟ್ ಸಿಗುವುದೇ ಕಷ್ಟ ಎಂದೆಲ್ಲ ಓದಿ ಭಯವಾಗಿದೆ. ಅತ್ತೆಗೆ ಮಂಡಿನೋವು ಬೇರೆ, ಕಾರ್ಟೂನ್ ಅಂದರೆ ಏನೂ ಗೊತ್ತಿಲ್ಲ. ಅವರನ್ನು ಮನೆಯಲ್ಲಿ ಬಿಟ್ಟು ಹೋಗಲು ಮನಸ್ಸಿಲ್ಲ. ಅದೇ ದಿನ ಶಿಬುಯಾ, ಟೋಕಿಯೊ ಟವರ್ ಕೂಡ ಮುಗಿಸಬಹುದು ಅಂತಾಳೆ ತಂಗಿ. ಹೋಗಿ ಬಂದವರು ಹೇಳಿ.

ನೀಲಿಕೊಡೆ:
ಮೊದಲು ಟಿಕೆಟ್, ಉಳಿದದ್ದೆಲ್ಲ ಆಮೇಲೆ. ಬಾಗಿಲಲ್ಲಿ ಟಿಕೆಟ್ ಮಾರುವುದೇ ಇಲ್ಲ. ಮುಂದಿನ ತಿಂಗಳ ಟಿಕೆಟ್‌ಗಳು ಪ್ರತಿ ತಿಂಗಳ 10ನೇ ತಾರೀಕು ಜಪಾನ್ ಸಮಯ ಬೆಳಿಗ್ಗೆ 10ಕ್ಕೆ ಆನ್‌ಲೈನ್‌ನಲ್ಲಿ ಬಿಡುಗಡೆ ಆಗುತ್ತವೆ, ಅಂದರೆ ನಮ್ಮಲ್ಲಿ 6:30. ನಾನು ಮೊದಲ ಸಲ ನಮ್ಮ ಸಮಯದ 10 ಗಂಟೆ ಅಂದುಕೊಂಡು ಕೂತಿದ್ದೆ. ನೋಡುವಷ್ಟರಲ್ಲಿ ನಮಗೆ ಬೇಕಾಗಿದ್ದ ದಿನಗಳೆಲ್ಲ ಖಾಲಿ. ಆದರೂ ಮಗನನ್ನು ಅಲ್ಲಿವರೆಗೆ ಕರೆದುಕೊಂಡು ಹೋದೆವು. ಹೊರಗೆ ಒಂದು ಸುಳ್ಳು ಟಿಕೆಟ್ ಕೌಂಟರ್ ಇದೆ, ಅದರ ಗಾಜಿನ ಹಿಂದೆ ದೊಡ್ಡ ಟೊಟೊರೊ ಕೂತಿರುತ್ತದೆ. ಅವನು ಅದನ್ನೇ ನೋಡುತ್ತಾ ನಿಂತುಬಿಟ್ಟ. ನನಗೆ ಅಳು ಬಂದಿತ್ತು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ದೊಡ್ಡವರಿಗೆ 1,000 ಯೆನ್, ನಿಮ್ಮ 9 ವರ್ಷದವಳಿಗೆ 400, ಚಿಕ್ಕವರಿಗೆ 100. ತಂಗಿಯೂ ಬಂದರೆ ಒಟ್ಟು 4,500 ಯೆನ್. ಯಾರ ಹೆಸರಲ್ಲಿ ಕೊಳ್ಳುತ್ತೀರೋ ಅವರು ಜೊತೆಗೆ ಬರಲೇಬೇಕು, ಬಾಗಿಲಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ತಂಗಿ ಕೊಂಡರೆ ತಂಗಿಯೇ ಬರಬೇಕು. ಮಂಗಳವಾರ ರಜೆ, ಅದನ್ನೂ ನೋಡಿಕೊಳ್ಳಿ.

ಚುಕ್ಕಿರಂಗೋಲಿ:
ಅತ್ತೆಯನ್ನು ಖಂಡಿತ ಕರೆದುಕೊಂಡು ಹೋಗಿ. ನಾವು ಅಮ್ಮನ ಜೊತೆ ಹೋಗಿದ್ದೆವು, ಅವರಿಗೆ ಒಂದೇ ಒಂದು ಪಾತ್ರದ ಹೆಸರೂ ಗೊತ್ತಿರಲಿಲ್ಲ. ಕೆಳಗಿನ ಮಹಡಿಯಲ್ಲಿ ಒಂದು ಚಕ್ರ ಇದೆ. ಅದರ ಮೇಲೆ ಪುಟ್ಟ ಪುಟ್ಟ ಗೊಂಬೆಗಳು, ಒಂದಕ್ಕಿಂತ ಒಂದು ಚೂರು ಬೇರೆ ಭಂಗಿಯಲ್ಲಿ. ಚಕ್ರ ಜೋರಾಗಿ ತಿರುಗುವಾಗ ಎಲ್ಲ ಕಲಸಿಹೋದ ಹಾಗೆ ಕಾಣುತ್ತದೆ, ಆಮೇಲೆ ಬೆಳಕು ಪಟಪಟ ಮಿನುಗಲು ಶುರುವಾದ ತಕ್ಷಣ ಟೊಟೊರೊ ಕುಪ್ಪಳಿಸುತ್ತದೆ, ಹುಡುಗಿ ಹಗ್ಗದಾಟ ಆಡುತ್ತಾಳೆ. ಅಮ್ಮ ಅಲ್ಲಿಂದ ಕದಲಲೇ ಇಲ್ಲ. ನಿಂತ ಗೊಂಬೆ ಹೇಗೆ ಕುಣಿಯುತ್ತದೆ ಅಂತ ನನ್ನ ಮಗಳೇ ಅಜ್ಜಿಗೆ ವಿವರಿಸಿದಳು. ಮೇಲೆ ಚಿತ್ರ ಬರೆಯುವವರ ಕೋಣೆಗಳಿವೆ. ಗೋಡೆ ತುಂಬಾ ಸ್ಕೆಚ್, ಮೇಜಿನ ತುಂಬಾ ಪೆನ್ಸಿಲ್, ಬಣ್ಣ, ಪುಸ್ತಕ. ಈಗಷ್ಟೇ ಯಾರೋ ಎದ್ದು ಹೋದ ಹಾಗಿದೆ.

ಲಿಫ್ಟ್ ಇದೆ, ಮಂಡಿನೋವಿಗೆ ಹೆದರಬೇಡಿ. ಆದರೆ ಸುರುಳಿ ಮೆಟ್ಟಿಲು ಇಕ್ಕಟ್ಟು, ಅತ್ತೆ ಅದನ್ನು ಹತ್ತುವುದು ಬೇಡ. ನಾಲ್ಕು ವರ್ಷದವರಿಗೆ ಟೊಟೊರೊ ಸಿನಿಮಾದಲ್ಲಿ ಬರುವ, ಬೆಕ್ಕಿನ ಆಕಾರದ ಮೆತ್ತನೆಯ ಬಸ್ಸೇ ಸ್ವರ್ಗ, ಅದರೊಳಗೆ ಮಕ್ಕಳಿಗೆ ಮಾತ್ರ ಪ್ರವೇಶ. ಪುಟ್ಟ ಥಿಯೇಟರಿನಲ್ಲಿ ಕಿರುಚಿತ್ರ ತೋರಿಸುತ್ತಾರೆ, ಅದು ಜಪಾನಿ ಭಾಷೆಯಲ್ಲಿದ್ದರೂ ಕಥೆ ಅರ್ಥವಾಗುತ್ತದೆ. ಅದರ ಟಿಕೆಟ್ ಫಿಲ್ಮ್ ರೀಲಿನ ತುಂಡು, ಬೆಳಕಿಗೆ ಹಿಡಿದರೆ ಚಿತ್ರ ಕಾಣುತ್ತದೆ. ಅದನ್ನು ಮನೆಗೆ ತರಬಹುದು, ಜೋಪಾನ ಮಾಡಿ.

ಫೋಟೊ ಇಲ್ಲದ್ದು ಒಳ್ಳೆಯದೇ ಆಯಿತು. ಎಲ್ಲರೂ ಫೋನ್ ಒಳಗಿಟ್ಟು ನೋಡಿದೆವು. ಮೇಲ್ಛಾವಣಿಯ ಮೇಲೆ ಸುಮಾರು 5 ಮೀಟರ್ ಎತ್ತರದ ರೋಬೊ ಇದೆ, ಅಲ್ಲಿ ಫೋಟೊ ತೆಗೆಯಬಹುದು. ಶಿಬುಯಾ, ಟವರ್ ಎಲ್ಲ ಇನ್ನೊಂದು ದಿನ ಇಟ್ಟುಕೊಳ್ಳಿ ಪ್ಲೀಸ್. ಒಳಗೆ ಹೋದ ಮೇಲೆ ಯಾರೂ ಹೊರಡಿ ಅನ್ನುವುದಿಲ್ಲ, ಇಂಥ ಕಡೆಯಿಂದಲೇ ನೋಡಬೇಕು ಎಂಬ ದಾರಿಯೂ ಇಲ್ಲ. ಅವಸರ ಮಾಡಿದರೆ ಹೋಗಿದ್ದೇ ದಂಡ.

ಹಳಿಪಯಣ:
ನಿಶಿ ಕಸಾಯ್ ಅಂದಿರಲ್ಲ, ನಿಮಗೆ ದಾರಿ ಸುಲಭ. ತೊಜಾಯ್ ಮೆಟ್ರೊ ಲೈನಿನಲ್ಲಿ ‘ಮಿಟಾಕಾ’ ಎಂದು ಬೋರ್ಡ್ ಇರುವ ರೈಲು ಹತ್ತಿದರೆ ಕೊನೆವರೆಗೂ ಅದೇ ರೈಲು. ಬೇರೆ ರೈಲಾದರೆ ನಕಾನೊದಲ್ಲಿ ಬದಲಿಸಿ. ಆದರೆ ಬೆಳಿಗ್ಗೆ ಆಫೀಸ್ ಹೊತ್ತಿನಲ್ಲಿ ಈ ಲೈನ್ ವಿಪರೀತ ರಶ್, ಅತ್ತೆ ಮತ್ತು ಮಕ್ಕಳನ್ನು ಕಟ್ಟಿಕೊಂಡು ಬೇಡವೇ ಬೇಡ. ಟಿಕೆಟ್‌ನಲ್ಲಿ ಒಳಗೆ ಹೋಗುವ ಸಮಯ ಆರಿಸಬೇಕು, ಮಧ್ಯಾಹ್ನದ ಸ್ಲಾಟ್ ತಗೊಳ್ಳಿ. ದೊಡ್ಡ ಮಗಳಿಗೆ ಅರ್ಧ ಟಿಕೆಟ್, ಚಿಕ್ಕವರಿಗೆ ರೈಲು ಉಚಿತ. ಮಿಟಾಕಾ ಸ್ಟೇಷನ್ನಿನಿಂದ ಕಾಲುವೆ ಪಕ್ಕ ಕಾಲು ಗಂಟೆ ನಡಿಗೆ, ಆಗದಿದ್ದರೆ ಬಸ್ ಇದೆ. ಬುತ್ತಿ ಕಟ್ಟಿಕೊಂಡು ಹೋಗಿ ಇನೊಕಾಶಿರಾ ಪಾರ್ಕಿನ ಕೆರೆ ಹತ್ತಿರ ಕೂತು ತಿನ್ನಿ, ಮ್ಯೂಸಿಯಂ ಅದೇ ಪಾರ್ಕಿನ ಒಂದು ಬದಿಯಲ್ಲಿದೆ. ಒಳಗಿನ ಕೆಫೆಯಲ್ಲಿ ಕ್ಯೂ ಜಾಸ್ತಿ.

ಟಿಕೆಟ್ ಸಿಗದೇ ಹೋದರೆ ಅದೇ ಹಳಿಯ ಮೇಲೆ ಒಗಿಕುಬೊ ಬರುತ್ತದೆ. ಅಲ್ಲಿಂದ ಬಸ್ಸಿನಲ್ಲಿ ಸುಗಿನಾಮಿ ಅನಿಮೇಷನ್ ಮ್ಯೂಸಿಯಂಗೆ ಹೋಗಬಹುದು. ಪ್ರವೇಶ ಉಚಿತ, ಕಾರ್ಟೂನಿಗೆ ಧ್ವನಿ ಕೊಡುವುದನ್ನು ಮಕ್ಕಳೇ ಮಾಡಿ ನೋಡಬಹುದು. ತೆರೆದಿದೆಯಾ ಎಂದು ಮೊದಲು ಅವರ ಜಾಲತಾಣದಲ್ಲಿ ನೋಡಿಕೊಳ್ಳಿ.

ಮಳೆಹನಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟವರ್ ಬೇರೆ ದಿನಕ್ಕೆ ಹಾಕಿದೆವು. ತಂಗಿ ರಜೆ ಹಾಕಿ ಬರುತ್ತಾಳಂತೆ, ಅವಳ ಹೆಸರಲ್ಲೇ ಟಿಕೆಟ್. ಚಕ್ರದ ವಿಷಯ ಅತ್ತೆಗೆ ಓದಿ ಹೇಳಿದೆ, ‘ಹಾಗಾದರೆ ನಾನೂ ಬರುತ್ತೇನೆ’ ಅಂದರು. 10ನೇ ತಾರೀಕಿಗೆ 6 ಗಂಟೆಗೆ ಅಲಾರಂ ಇಟ್ಟಾಯಿತು. ಸಿಕ್ಕಿತಾ ಇಲ್ಲವಾ ಇಲ್ಲೇ ಬಂದು ಹೇಳುತ್ತೇನೆ.