ಸೋಕ್, ಡ್ರೆಂಚ್, ಡ್ಯಾಂಪನ್: ಎಲ್ಲಕ್ಕೂ ‘ಒದ್ದೆ ಮಾಡು’ ಎಂದರೆ ಸಾಕೇ?

ಪ್ರಶ್ನೆ: ಚಿತ್ತಾಪುರದ ಶಿಕ್ಷಕ

ಎಲ್ಲರಿಗೂ ಶರಣು. ನಾನು ಕಲಬುರಗಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ವೆಟ್, ಡ್ಯಾಂಪನ್, ಮಾಯ್ಸನ್, ಸೋಕ್, ಡ್ರೆಂಚ್, ಡೌಸ್ ಎಂಬ ಕ್ರಿಯಾಪದಗಳಿಗೆಲ್ಲ ಮಕ್ಕಳ ಕೈಯಲ್ಲಿರುವ ನಿಘಂಟು ‘ಒದ್ದೆ ಮಾಡು’, ‘ತೋಯಿಸು’ ಎಂಬ ಎರಡೇ ಅರ್ಥಗಳನ್ನು ಮತ್ತೆ ಮತ್ತೆ ಕೊಡುವುದರಿಂದ, ಅವರು ಒಂದರ ಜಾಗದಲ್ಲಿ ಇನ್ನೊಂದನ್ನು ಧಾರಾಳವಾಗಿ ಹಾಕುತ್ತಾರೆ. ‘ಅವ್ವ ರಾತ್ರಿ ಕಡಲೆ ನೆನೆಹಾಕಿದಳು’ ಎಂಬುದಕ್ಕೆ ಒಬ್ಬ ಹುಡುಗ ಡ್ರೆಂಚ್ ಬಳಸಿದ್ದಾನೆ. ‘ನಾನು ಮಳೆಯಲ್ಲಿ ತೊಯ್ದೆ’ ಎಂಬುದಕ್ಕೆ ಅರ್ಧ ತರಗತಿ ‘ಐ ಡ್ರೆಂಚ್ಡ್ ಇನ್ ದ ರೇನ್’ ಎಂದು ಬರೆದಿದೆ. ಇವು ಸಲ್ಲುವುದಿಲ್ಲವೆಂದು ಹೇಳುವುದು ಸುಲಭ. ಏಕೆ ಸಲ್ಲುವುದಿಲ್ಲವೆಂದು ಮನದಟ್ಟು ಮಾಡಿಸುವುದು ಹೇಗೆ?

ಉತ್ತರ: ಬೀದರಿನ ಉಪನ್ಯಾಸಕಿ

ಗುರುಗಳೇ, ಸ್ವಲ್ಪ ನೀರಾದರೆ ಡ್ಯಾಂಪನ್, ಹೆಚ್ಚಾದರೆ ಸೋಕ್, ಬಹಳವಾದರೆ ಡ್ರೆಂಚ್ ಎಂದು ಏಣಿಯ ಮೆಟ್ಟಿಲಿನಂತೆ ಜೋಡಿಸಿ ಕಲಿಸುವುದು ರೂಢಿಯಲ್ಲಿದೆ. ಆದರೆ ಕಡಲೆಗೆ ಹಾಕಿದ ನೀರೂ ಬಹಳವೇ ಆದ್ದರಿಂದ, ಆ ಹುಡುಗನಿಗೆ ಏಣಿಯಿಂದ ಏನೂ ತಿಳಿಯದು. ನೀರು ವಸ್ತುವಿನ ಮೇಲೆ ಬಂತೋ ವಸ್ತು ನೀರಿನೊಳಗೆ ಹೋಯಿತೋ, ಎಷ್ಟು ಹೊತ್ತು ಇತ್ತು, ನೀರನ್ನು ಹೀರಿಕೊಂಡಿತೋ ಇಲ್ಲವೋ ಎಂದು ಅವನನ್ನೇ ಕೇಳಿ ನೋಡಿ.

ಸೋಕ್ ಎಂಬುದರ ಜೀವಾಳವಿರುವುದು ಹೊತ್ತು ಹಿಡಿಯುವುದರಲ್ಲಿ ಮತ್ತು ಹೀರುವುದರಲ್ಲಿ. ನಮ್ಮ ಕಡೆ ಮನೆಯಲ್ಲಿ ಬೇಳೆ ಮಾಡುವಾಗ ತೊಗರಿಯನ್ನು ನೆನೆಸಿ, ಕೆಮ್ಮಣ್ಣು ಹಚ್ಚಿ, ಬಿಸಿಲಿಗೆ ಒಣಗಿಸಿ, ಆಮೇಲೆ ಬೀಸುಕಲ್ಲಿಗೆ ಹಾಕುತ್ತಿದ್ದರು. ಕಾಳು ನೀರು ಕುಡಿದು ಉಬ್ಬಿ, ಒಣಗುವಾಗ ಕುಗ್ಗುವುದರಿಂದಲೇ ಸಿಪ್ಪೆ ಸಡಿಲವಾಗುತ್ತಿತ್ತು. ಅದು ಸೋಕ್. ಅದೇ ತೊಗರಿಯ ರಾಶಿ ಕಣದಲ್ಲಿರುವಾಗ ಅಕಾಲದ ಮಳೆ ಸುರಿದರೆ ಡ್ರೆಂಚ್ ಎನ್ನಬಹುದು, ಏಕೆಂದರೆ ನೀರು ಮೇಲಿನಿಂದ, ಒಮ್ಮೆಗೇ, ಯಾರಿಗೂ ಬೇಡವಾಗಿ ಬಂದಿದೆ. ಗೋಡೆ ಕಟ್ಟುವ ಮುನ್ನ ಇಟ್ಟಿಗೆಯನ್ನು ತೊಟ್ಟಿಗೆ ಹಾಕುವುದು ಸೋಕ್. ಗಟ್ಟಿ ಶಹಾಬಾದ್ ಕಲ್ಲನ್ನು ಅದೇ ತೊಟ್ಟಿಗೆ ಇಳಿಸಿದರೆ ಇಮ್ಮರ್ಸ್, ಅಂದರೆ ಬರಿದೇ ಮುಳುಗಿಸು, ಎಂಬುದೇ ಹೊಂದುತ್ತದೆ. ರಾತ್ರಿ ನೀರಿಗೆ ಹಾಕಿದ ಮೆಂತ್ಯದಲ್ಲಿ ಕಾಳು ಬೇಕಾದವರಿಗೆ ಅದು ಸೋಕ್, ಬೆಳಿಗ್ಗೆ ಆ ನೀರನ್ನು ಕುಡಿಯುವವರಿಗೆ ಸ್ಟೀಪ್, ಅಂದರೆ ಸಾರ ನೀರಿಗೆ ಇಳಿಯುವಂತೆ ನೆನೆಸುವುದು.

ಜೋಳದ ರೊಟ್ಟಿಯನ್ನು ಹಂಚಿಗೆ ಹಾಕಿದೊಡನೆ ಅರಿವೆಯ ತುಂಡನ್ನು ನೀರಿಗೆ ಅದ್ದಿ ಮೇಲೆಲ್ಲ ಸವರುತ್ತೇವಲ್ಲ, ಅಲ್ಲಿ ಅರಿವೆಗೆ ಆಗುವುದು ಡಿಪ್, ರೊಟ್ಟಿಗೆ ಆಗುವುದು ಮಾಯ್ಸನ್. ಇಸ್ತ್ರಿಗೆ ಮುಂಚೆ ಅಂಗಿಗೆ ನೀರು ಚಿಮುಕಿಸಿದರೆ ಡ್ಯಾಂಪನ್. ಎರಡರಲ್ಲೂ ನೀರು ಕಡಿಮೆಯೇ. ಆದರೆ ಮಾಯ್ಸ್ಟ್ ಎಂಬುದು ಸಾಮಾನ್ಯವಾಗಿ ಬೇಕಾದ ಪಸೆ, ಡ್ಯಾಂಪ್ ಎಂದಾಗ ಮಳೆಗಾಲದ ಗೋಡೆಯ ಮುಗ್ಗಲು ವಾಸನೆಯೂ ಜೊತೆಗೇ ಬರುತ್ತದೆ. ಯಾರದಾದರೂ ಉತ್ಸಾಹಕ್ಕೆ ತಣ್ಣೀರೆರಚುವುದಕ್ಕೆ ಡ್ಯಾಂಪನ್ ಬಳಸುತ್ತಾರೆಯೇ ಹೊರತು ಮಾಯ್ಸನ್ ಅಲ್ಲ.

ಮಳೆಯ ವಾಕ್ಯದ ತೊಡಕೇ ಬೇರೆ. ನಮ್ಮಲ್ಲಿ ನೆನೆ–ನೆನೆಸು, ತೋಯ್–ತೋಯಿಸು ಎಂದು ಜೋಡಿಗಳಿವೆ. ಸೋಕ್ ಒಂದೇ ರೂಪದಲ್ಲಿ ನೆನೆ, ನೆನೆಸು ಎರಡರ ಕೆಲಸವನ್ನೂ ಮಾಡುತ್ತದೆ. ಡ್ರೆಂಚ್ ಮಾತ್ರ ಎಂದಿಗೂ ತೋಯಿಸು. ಆದ್ದರಿಂದ ‘ಐ ಡ್ರೆಂಚ್ಡ್’ ಎಂದು ಓದಿದವರು ಯಾರನ್ನು ತೋಯಿಸಿದೆ ಎಂದು ಕೇಳುತ್ತಾರೆ. ತಾನೇ ತೊಯ್ದಿದ್ದರೆ ‘ಐ ಗಾಟ್ ಡ್ರೆಂಚ್ಡ್’ ಎನ್ನಬೇಕು.

ಉತ್ತರ: ಶಹಾಪುರದ ಪಶುವೈದ್ಯ

ಮೇಡಂ ಹೇಳಿದ್ದಕ್ಕೆ ಒಂದು ಸೇರಿಕೆ. ನಮ್ಮ ಕೆಲಸದಲ್ಲಿ ಡ್ರೆಂಚ್ ಎಂದರೆ ಎತ್ತಿಗೋ ಕುರಿಗೋ ಬಾಯಿಗೆ ಔಷಧ ಹೊಯ್ದು ಕುಡಿಸುವುದು, ಅಂದರೆ ಊರಿನವರು ಬಿದಿರಿನ ಗೊಟ್ಟದಿಂದ ಮಾಡುತ್ತಿದ್ದ ಕೆಲಸ. (ತಲೆಯನ್ನು ಅತಿಯಾಗಿ ಮೇಲೆತ್ತಿ ಅವಸರದಿಂದ ಹೊಯ್ದರೆ ಔಷಧ ಶ್ವಾಸಕೋಶಕ್ಕೆ ಇಳಿದು ದನ ಸಾಯಬಹುದು, ಮಾತಿನ ನಡುವೆ ಹೇಳಿಬಿಟ್ಟೆ.) ಮೆಣಸಿನಕಾಯಿ ಬೆಳೆಯುವವರು ಎಲೆಗೆ ಹೊಡೆದರೆ ಸ್ಪ್ರೇ, ಬುಡದ ಮಣ್ಣಿಗೆ ಔಷಧದ ನೀರು ಸುರಿದರೆ ಡ್ರೆಂಚಿಂಗ್ ಎನ್ನುತ್ತಾರೆ. ಕುಡಿಸುವುದಕ್ಕೂ ತೋಯಿಸುವುದಕ್ಕೂ ಒಂದೇ ಪದ ಹೇಗೆ ಬಂತು?

ಉತ್ತರ: ಬೀದರಿನ ಉಪನ್ಯಾಸಕಿ

ಡಾಕ್ಟರ್ ಸಾಹೇಬರೇ, ಹಳೆಯದು ನಿಮ್ಮ ಅರ್ಥವೇ. ಹಳೆಯ ಇಂಗ್ಲಿಷಿನಲ್ಲಿ ಡ್ರಿಂಕ್ ಎಂಬುದರ ಪ್ರೇರಣಾರ್ಥಕ ರೂಪವಾಗಿದ್ದ ಕ್ರಿಯಾಪದವೇ ಇಂದಿನ ಡ್ರೆಂಚ್; ಕುಡಿ ಎಂಬುದರಿಂದ ನಮಗೆ ಕುಡಿಸು ಬಂದಂತೆಯೇ ಅದು ಹುಟ್ಟಿದೆ. ತೋಯಿಸುವ ಅರ್ಥ ಆಮೇಲಿನದು. ಕುಡಿಸು ಎಂದರೆ ಯಾರಿಗೆ ಎಂಬ ಪ್ರಶ್ನೆ ತಾನಾಗಿ ಏಳುತ್ತದಲ್ಲ, ಡ್ರೆಂಚ್ ಇಂದಿಗೂ ಕರ್ಮಪದವನ್ನು ಕೇಳುವುದು ಹುಟ್ಟಿನಿಂದ ಬಂದ ಆ ಗುಣದಿಂದಲೇ. ಗುರುಗಳು ತರಗತಿಯಲ್ಲಿ ಗೊಟ್ಟದಿಂದಲೇ ಪಾಠ ಆರಂಭಿಸಬಹುದು.

ಉತ್ತರ: ಚಿತ್ತಾಪುರದ ಶಿಕ್ಷಕ

ಗೊಟ್ಟ ನೋಡಿದ ಮಕ್ಕಳು ನಮ್ಮಲ್ಲಿ ಇನ್ನೂ ಇದ್ದಾರೆ, ಇದು ಕೆಲಸಕ್ಕೆ ಬರುತ್ತದೆ. ಡೌಸ್ ಮತ್ತು ವೆಟ್ ಉಳಿದವು.

ಉತ್ತರ: ಆಳಂದದ ಓದುಗ

ಡೌಸ್ ಎಂದರೆ ಕೊಡದಿಂದಲೋ ಡಬ್ಬಿಯಿಂದಲೋ ಒಮ್ಮೆಲೇ ಸುರಿಯುವುದು, ಮತ್ತು ಅದು ನೀರೇ ಆಗಬೇಕೆಂದಿಲ್ಲ. ಇಂಗ್ಲಿಷ್ ಪತ್ರಿಕೆಯ ಸುದ್ದಿಯಲ್ಲಿ ಸೀಮೆಎಣ್ಣೆ ಸುರಿದದ್ದಕ್ಕೂ ಡೌಸ್, ಅಗ್ನಿಶಾಮಕ ದಳ ಬೆಂಕಿ ನಂದಿಸಿದ್ದಕ್ಕೂ ಡೌಸ್ ಎಂದಿರುವುದನ್ನು ಕಾಣುತ್ತೇವೆ; ಮುಂದಿನ ಪದ ನೋಡದೆ ಅರ್ಥ ಹೇಳಬಾರದು. ವೆಟ್ ಎಲ್ಲಕ್ಕಿಂತ ಸಾಧಾರಣ ಪದವಾದರೂ ಒಂದು ಕಡೆ ಎಚ್ಚರ ಬೇಕು: ‘ದ ಬಾಯ್ ವೆಟ್ ದ ಬೆಡ್’ ಎಂದರೆ ಹುಡುಗ ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಂಡ ಎಂದೇ ಅರ್ಥವಾಗುವುದರಿಂದ, ಲೋಟ ಉರುಳಿ ಹಾಸಿಗೆ ಒದ್ದೆಯಾಗಿದ್ದರೆ ‘ಸ್ಪಿಲ್ಡ್ ವಾಟರ್ ಆನ್ ದ ಬೆಡ್’ ಎಂದು ಬರೆಯಲು ಮಕ್ಕಳಿಗೆ ಹೇಳಿಕೊಡಿ.