ಮೈಸೂರಲ್ಲಿ ಕೂತು ಫುಟ್‌ಬಾಲ್ ಕ್ಲಬ್ ಹಿಡಿಯೋದು ಹೇಗೆ?

ಕುವೆಂಪುನಗರದ ಅಮ್ಮ:

ಮಗಳು ಎಂಟನೇ ಕ್ಲಾಸು. ಸ್ಕೂಲಲ್ಲಿ ಜೊತೆಯವರಿಗೆಲ್ಲ ಒಂದೊಂದು ಫುಟ್‌ಬಾಲ್ ಕ್ಲಬ್ ಇದೆ, ತನಗೂ ಒಂದು ಬೇಕು ಅಂತಾಳೆ. ನಮ್ಮನೇಲಿ ಕ್ರಿಕೆಟ್ ಬಿಟ್ರೆ ಬೇರೆ ಆಟ ನೋಡಿದವರಿಲ್ಲ. ಜನ ಒಂದು ಕ್ಲಬ್ಬಿನ ಕಡೆಯವರು ಆಗೋದು ಹೇಗೆ? ಹುಟ್ಟಿದ ಊರಿನ ಟೀಮು ಅಂದ್ರೆ ಅರ್ಥವಾಗುತ್ತೆ. ಇಲ್ಲಿ ಕೂತು ಲಿವರ್‌ಪೂಲನ್ನೋ ಬಾರ್ಸಿಲೋನಾವನ್ನೋ ನಮ್ಮದು ಅನ್ನೋಕಾಗುತ್ತಾ? ಒಂದು ತೊಡಕು ಮೊದಲೇ ಹೇಳ್ಬಿಡ್ತೀನಿ, ಸ್ಕೂಲಿರೋ ದಿನ ರಾತ್ರಿ ಹತ್ತೂವರೆ ಮೇಲೆ ಟಿವಿ ಇಲ್ಲ. ಮತ್ತೆ, ಬೆಂಗಳೂರು ಎಫ್‌ಸಿ ಆದ್ರೆ ಮ್ಯಾಚಿಗೆ ಕರ್ಕೊಂಡು ಹೋಗಿ ಅದೇ ರಾತ್ರಿ ವಾಪಸ್ ಬರಬಹುದಾ?

ಲೆಫ್ಟ್‌ಬ್ಯಾಕ್, ಸರಸ್ವತಿಪುರಂ:

ಮೇಡಂ, ಕ್ಲಬ್ಬನ್ನ ಯಾರೂ ಪಟ್ಟಿ ಮಾಡಿ ಅಂಕ ಹಾಕಿ ಆರಿಸಲ್ಲ. ಪಕ್ಕದಲ್ಲಿ ಕೂತು ನೋಡೋರು ಯಾರು, ಮ್ಯಾಚು ಎಷ್ಟೊತ್ತಿಗೆ, ಇವೆರಡೇ ಮುಕ್ಕಾಲು ಪಾಲು ತೀರ್ಮಾನ ಮಾಡ್ತವೆ.

ಇಂಗ್ಲೆಂಡಿನಲ್ಲಿ ಇದು ಶುರುವಾಗಿದ್ದೇ ಕಾರ್ಖಾನೆ, ಚರ್ಚುಗಳಿಂದ. 1878ರಲ್ಲಿ ನ್ಯೂಟನ್ ಹೀತ್‌ನ ರೈಲ್ವೆ ಕೆಲಸಗಾರರು ಕಟ್ಕೊಂಡ ಟೀಮೇ ಇವತ್ತಿನ ಮ್ಯಾಂಚೆಸ್ಟರ್ ಯುನೈಟೆಡ್. ಆರ್ಸೆನಲ್ ಲಾಂಛನದಲ್ಲಿ ಫಿರಂಗಿ ಇರೋದು ಯಾಕಂದ್ರೆ 1886ರಲ್ಲಿ ಅದನ್ನ ಕಟ್ಟಿದವರು ವುಲಿಚ್‌ನ ಮದ್ದುಗುಂಡಿನ ಕಾರ್ಖಾನೆಯವರು. ವೆಸ್ಟ್ ಹ್ಯಾಮ್‌ನ ಎರಡು ಸುತ್ತಿಗೆ ಹಡಗು ಕಟ್ಟೋರದ್ದು. ಲಿವರ್‌ಪೂಲಿನ ಕಥೆ ಇನ್ನೂ ಮಜವಾಗಿದೆ. ಆನ್‌ಫೀಲ್ಡ್ ಮೈದಾನದಲ್ಲಿ ಮೊದಲು ಆಡ್ತಿದ್ದದ್ದು ಎವರ್ಟನ್. ಬಾಡಿಗೆ ವಿಷಯಕ್ಕೆ ಮೈದಾನದ ಮಾಲೀಕ ಜಾನ್ ಹೌಲ್ಡಿಂಗ್ ಜೊತೆ ಜಗಳವಾಗಿ ಎವರ್ಟನ್ ಎದ್ದು ಹೋಯ್ತು. ಖಾಲಿ ಮೈದಾನ ಇಟ್ಕೊಂಡು ಆತ 1892ರಲ್ಲಿ ಲಿವರ್‌ಪೂಲ್ ಕ್ಲಬ್ ಶುರು ಮಾಡಿದ. ಆ ಊರಲ್ಲಿ ಇವತ್ತಿಗೂ ಒಂದೇ ಮನೇಲಿ ಎರಡು ಬಣ್ಣ ಇರುತ್ತೆ. ಕೋಲ್ಕತ್ತಾದಲ್ಲೂ ಹೀಗೇ. ಮೋಹನ್ ಬಾಗಾನ್ 1889ರದ್ದು, ಈಸ್ಟ್ ಬೆಂಗಾಲ್ 1920ರದ್ದು. ಪೂರ್ವ ಬಂಗಾಳದಿಂದ ಬಂದು ನೆಲೆಯಾದ ಕುಟುಂಬಗಳು ಈಸ್ಟ್ ಬೆಂಗಾಲ್ ಕಡೆ, ಮೊದಲಿಂದ ಅಲ್ಲೇ ಇದ್ದವರು ಮೋಹನ್ ಬಾಗಾನ್ ಕಡೆ. ಅಪ್ಪಂದು ಯಾವುದೋ ಮಗಂದೂ ಅದೇ.

ನಮ್ಮಂಥ ದೂರದವರಿಗೆ ಆ ಕೆಲಸ ಮಾಡಿದ್ದು ಟಿವಿ. ಹತ್ತರಿಂದ ಹದಿನಾಲ್ಕು ವಯಸ್ಸಲ್ಲಿ ಯಾವ ಟೀಮು ಜೋರಾಗಿ ಆಡ್ತಿತ್ತೋ ಅದು ಮನಸ್ಸಲ್ಲಿ ಕೂತ್ಬಿಡುತ್ತೆ. 1999ರಲ್ಲಿ ಯುನೈಟೆಡ್ ಒಂದೇ ಸೀಸನ್ನಲ್ಲಿ ಮೂರು ಕಪ್ ಎತ್ತಿತು. 2003–04ರಲ್ಲಿ ಆರ್ಸೆನಲ್ ಲೀಗಿನ 38 ಮ್ಯಾಚಲ್ಲಿ ಒಂದನ್ನೂ ಸೋಲಲಿಲ್ಲ. 2005ರಲ್ಲಿ ಇಸ್ತಾಂಬುಲ್‌ನಲ್ಲಿ, ಯುರೋಪಿನ ಕ್ಲಬ್ಬುಗಳ ದೊಡ್ಡ ಕಪ್ಪಾದ ಚಾಂಪಿಯನ್ಸ್ ಲೀಗಿನ ಫೈನಲ್ಲಲ್ಲಿ, ಲಿವರ್‌ಪೂಲ್ ಹಾಫ್‌ಟೈಮಿಗೆ 3–0 ಹಿಂದಿದ್ದು, ಸಮ ಮಾಡಿ ಮಿಲಾನನ್ನ ಪೆನಾಲ್ಟಿಯಲ್ಲಿ ಸೋಲಿಸಿತು. ಇಲ್ಲಿಯ ಫ್ಯಾನಿನ ವಯಸ್ಸು ಹೇಳಿದ್ರೆ ಕ್ಲಬ್ ಯಾವುದು ಅಂತ ಸುಮಾರಾಗಿ ಊಹೆ ಮಾಡಬಹುದು.

ಇನ್ನೊಂದು ದಾರಿ ಆಟಗಾರನ ಹಿಂದೆ ಹೋಗೋದು. ಮಕ್ಕಳು ಹೆಚ್ಚು ಹಿಡಿಯೋದು ಇದನ್ನೇ, ಕೈಕೊಡೋದೂ ಇದೇ. ಮೆಸ್ಸಿಗೋಸ್ಕರ ಬಾರ್ಸಿಲೋನಾ ಅಂದವರು 2021ರಲ್ಲಿ ಪ್ಯಾರಿಸ್‌ಗೆ, 2023ರಲ್ಲಿ ಮಯಾಮಿಗೆ ಹೊರಡಬೇಕಾಯ್ತು. ರೊನಾಲ್ಡೊ ಹಿಂದೆ ಬಿದ್ದವರಿಗೆ ಮ್ಯಾಂಚೆಸ್ಟರ್, ಮ್ಯಾಡ್ರಿಡ್, ಟ್ಯೂರಿನ್, ಮತ್ತೆ ಮ್ಯಾಂಚೆಸ್ಟರ್, ಆಮೇಲೆ ರಿಯಾದ್. ಮೊದಲು ಆಟಗಾರ ಇಷ್ಟವಾಗಲಿ, ತಪ್ಪೇನಿಲ್ಲ. ಅವನು ಹೋದ ಸೀಸನ್ನಲ್ಲೂ ಮಗಳು ಅದೇ ಟೀಮಿನ ಮ್ಯಾಚ್ ಹಾಕಿದ್ರೆ ಕ್ಲಬ್ ಹತ್ತಿದೆ ಅಂತ ಲೆಕ್ಕ.

ನಮ್ಮದು ಅನ್ನೋಕಾಗುತ್ತಾ ಅಂದ್ರಲ್ಲ, ಖಂಡಿತ ಆಗುತ್ತೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಜೊತೆಯವರು 1976ರಲ್ಲಿ ಇದನ್ನೇ ಬರೆದರು. ಅಲ್ಲಿಯ ಕಾಲೇಜು ಹುಡುಗರು ತಮ್ಮ ಟೀಮು ಗೆದ್ದ ವಾರ ಕಾಲೇಜಿನ ಹೆಸರಿರೋ ಬಟ್ಟೆ ಹೆಚ್ಚು ಹಾಕ್ತಿದ್ರು, ಗೆದ್ರೆ ‘ನಾವು ಗೆದ್ವಿ’ ಅಂತಿದ್ರು, ಸೋತ್ರೆ ‘ಅವರು ಸೋತ್ರು’. ಸೋತ ಮರುದಿನವೂ ಬಾಯಲ್ಲಿ ‘ನಾವು’ ಬರೋದನ್ನ ಆರ್‌ಸಿಬಿ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2008ರಿಂದ ಕಾದು 2025ರಲ್ಲಿ ಕಪ್ ನೋಡಿದ ಜನ ಅದು.

ಮಂಡ್ಯ ಹಾಫ್‌ಟೈಮ್:

ಹತ್ತೂವರೆ ನಿಯಮ ಇದ್ರೆ ಕ್ಲಬ್ಬಿಗಿಂತ ಮೊದಲು ಲೀಗ್ ಆರಿಸ್ಕೊಳ್ಳಿ. ಲೆಕ್ಕ ಹೀಗಿದೆ. ಅಕ್ಟೋಬರ್ ಕೊನೆಯ ಭಾನುವಾರದಿಂದ ಮಾರ್ಚ್ ಕೊನೆಯ ಭಾನುವಾರದವರೆಗೆ ಇಂಗ್ಲೆಂಡು ನಮಗಿಂತ ಐದೂವರೆ ಗಂಟೆ ಹಿಂದೆ, ಉಳಿದ ತಿಂಗಳು ನಾಲ್ಕೂವರೆ. ಅಲ್ಲಿ ಶನಿವಾರ ಮಧ್ಯಾಹ್ನ 12:30ರ ಮ್ಯಾಚು ಚಳಿಗಾಲದಲ್ಲಿ ಇಲ್ಲಿ ಸಂಜೆ 6ಕ್ಕೆ, 3 ಗಂಟೆಯದ್ದು ರಾತ್ರಿ 8:30ಕ್ಕೆ, 5:30ರದ್ದು 11ಕ್ಕೆ. ಬೇರೆ ತಿಂಗಳಲ್ಲಿ ಒಂದೊಂದು ಗಂಟೆ ಮುಂಚೆ. ವಾರದ ಮಧ್ಯೆ ರಾತ್ರಿ 8ರ ಮ್ಯಾಚು ಅಂದ್ರೆ ನಮಗೆ ಒಂದೂವರೆ, ಅದನ್ನ ಬಿಟ್ಬಿಡಿ. ಚಾಂಪಿಯನ್ಸ್ ಲೀಗಿನ ಮುಖ್ಯ ಮ್ಯಾಚುಗಳೂ ಆ ಹೊತ್ತಿಗೇ.

ಶನಿವಾರ 3 ಗಂಟೆಯ ಮ್ಯಾಚನ್ನ ಬ್ರಿಟನ್ನಿನ ಟಿವಿಯಲ್ಲಿ ನೇರ ತೋರಿಸೋ ಹಾಗಿಲ್ಲ, ಮೈದಾನಕ್ಕೆ ಬರೋ ಜನ ಕಡಿಮೆ ಆಗ್ತಾರೆ ಅಂತ ಅಲ್ಲಿ ನಿರ್ಬಂಧ ಇದೆ. ಇಲ್ಲಿ ಆ ತಡೆ ಇಲ್ಲ. ದೊಡ್ಡ ಕ್ಲಬ್ಬುಗಳನ್ನ ಅಲ್ಲಿಯ ಚಾನೆಲ್ಲುಗಳು ಶನಿವಾರ ಸಂಜೆಗೋ ಭಾನುವಾರಕ್ಕೋ ಎಳೀತವೆ. ಹಾಗಾಗಿ ಅಂಕಪಟ್ಟಿಯ ನಡುವೆ ಇರೋ ಕ್ಲಬ್ಬುಗಳೇ ಮಗಳಿಗೆ ಹೆಚ್ಚು ಸಲ ಸರಿಹೊತ್ತಿಗೆ ಸಿಗ್ತವೆ.

ಇನ್ನೂ ಖಚಿತ ಬೇಕಂದ್ರೆ ಜರ್ಮನಿ. ಬುಂಡೆಸ್‌ಲೀಗಾದ ಹೆಚ್ಚಿನ ಮ್ಯಾಚು ಶನಿವಾರ ಅಲ್ಲಿಯ 3:30ಕ್ಕೆ, ಅಂದ್ರೆ ಚಳಿಗಾಲದಲ್ಲಿ ನಮಗೆ ರಾತ್ರಿ 8, ಉಳಿದಾಗ 7. ಮುಗಿಯೋ ಹೊತ್ತಿಗೆ ಹತ್ತೂ ಆಗಿರಲ್ಲ. ಸ್ಪೇನಿನ ದೊಡ್ಡ ಟೀಮುಗಳು ಹೆಚ್ಚಾಗಿ ರಾತ್ರಿ 9ಕ್ಕೆ ಇಳಿಯೋದು, ನಮಗೆ ನಡುರಾತ್ರಿ ದಾಟುತ್ತೆ. ಶಾಲೆಗೆ ಹೋಗೋ ಮಗುವಿಗೆ ಬಾರ್ಸಿಲೋನಾ ಅಂದ್ರೆ ಮುಕ್ಕಾಲು ಪಾಲು ಮರುದಿನದ ಹೈಲೈಟ್ಸ್ ಅಷ್ಟೇ. ಬರೀ ಗೋಲುಗಳನ್ನ ನೋಡಿ ಟೀಮಿನ ಮೇಲೆ ಪ್ರೀತಿ ಕೂರಲ್ಲ.

ವೆಸ್ಟ್ ಬ್ಲಾಕ್ ನೀಲಿ:

ಬೆಂಗಳೂರು ಎಫ್‌ಸಿ ಹಿಡಿಯೋಕೆ ಮೈಸೂರಿನವರಿಗೆ ಬೇರೆ ಕಾರಣ ಬೇಕಾ? 2013ರಲ್ಲಿ ಹುಟ್ಟಿದ ಕ್ಲಬ್, ಮೊದಲ ಸೀಸನ್ನಲ್ಲೇ ಆಗಿನ ದೇಶದ ದೊಡ್ಡ ಲೀಗಾದ ಐ-ಲೀಗ್ ಗೆದ್ದಿತು, 2016ರಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ತನಕ ಹೋಯ್ತು, 2018–19ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಗೆದ್ದಿತು. ಮೈಸೂರು ಅನ್ನೋ ಹೆಸರಿಗೂ ಈ ಆಟದಲ್ಲಿ ತೂಕ ಇದೆ. ರಾಜ್ಯ ತಂಡಗಳು ಆಡೋ ಸಂತೋಷ್ ಟ್ರೋಫಿಯನ್ನ ಆಗಿನ ಮೈಸೂರು ರಾಜ್ಯದ ತಂಡ 1946–47, 1952–53, 1967–68, 1968–69ರಲ್ಲಿ ಗೆದ್ದಿತ್ತು. ಕರ್ನಾಟಕ ಅನ್ನೋ ಹೆಸರಲ್ಲಿ ಅದು ಮತ್ತೆ ಬಂದಿದ್ದು 2023ರ ಮಾರ್ಚಲ್ಲಿ, ರಿಯಾದ್‌ನಲ್ಲಿ ಮೇಘಾಲಯದ ಮೇಲೆ 3–2.

ಹೋಗಿ ಬರೋ ವಿಷಯ. ಸಂಜೆ 5ರ ಮ್ಯಾಚಾದ್ರೆ ಧಾರಾಳವಾಗಿ ಆಗುತ್ತೆ. 7:30ರದ್ದಾದ್ರೆ ಆಟ ಮುಗಿಯೋದು ಒಂಬತ್ತೂಕಾಲು ದಾಟಿ, ಮನೆ ಸೇರೋ ಹೊತ್ತಿಗೆ ರಾತ್ರಿ ಒಂದೂವರೆ. ಮರುದಿನ ಭಾನುವಾರ ಇದ್ರೆ ಮಾತ್ರ ಹೊರಡಿ. ಸಬರ್ಬ್ ಬಸ್ ಸ್ಟ್ಯಾಂಡಿಂದ ಬಸ್ಸು ಹತ್ತಿ ಕೆಂಗೇರಿಯಲ್ಲೇ ಇಳೀರಿ. ಮೆಜೆಸ್ಟಿಕ್‌ವರೆಗೆ ಬಸ್ಸಲ್ಲೇ ಹೋದ್ರೆ ಟ್ರಾಫಿಕ್ಕಲ್ಲಿ ಸಿಕ್ಕಿ ಕಿಕ್‌ಆಫ್ ತಪ್ಪುತ್ತೆ. ಕೆಂಗೇರಿಯಿಂದ ನೇರಳೆ ಮೆಟ್ರೋ, ಕಬ್ಬನ್ ಪಾರ್ಕ್ ಸ್ಟೇಷನ್, ಅಲ್ಲಿಂದ ಮ್ಯಾಚು ನಡೆಯೋ ಕಂಠೀರವ ಸ್ಟೇಡಿಯಂಗೆ ಇಪ್ಪತ್ತು ನಿಮಿಷದೊಳಗಿನ ನಡಿಗೆ. ವಾಪಸ್ ಬರುವಾಗ ಅದೇ ಮೆಟ್ರೋದಲ್ಲಿ ದೀಪಾಂಜಲಿ ನಗರಕ್ಕೆ ಬಂದು ಸ್ಯಾಟಲೈಟ್ ಬಸ್ ಸ್ಟ್ಯಾಂಡ್. ಬ್ಯಾಗು, ನೀರಿನ ಬಾಟಲಿ, ಪವರ್ ಬ್ಯಾಂಕ್ ತರಬೇಡಿ, ಗೇಟಲ್ಲಿ ನಿಲ್ಲಿಸ್ತಾರೆ.

ಕಂಠೀರವದಲ್ಲಿ ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ, ಆಟ ಸ್ವಲ್ಪ ದೂರ ಕಾಣುತ್ತೆ. ಕೆಳಗಿನ ಸಾಲಲ್ಲಿ ಕೂತ್ರೆ ಆ ಕಡೆ ಗೋಲಿನ ಹತ್ತಿರ ಏನಾಗ್ತಿದೆ ಅಂತಾನೇ ತಿಳಿಯಲ್ಲ, ಮೇಲಿನ ಸಾಲು ತಗೊಳ್ಳಿ. ವೆಸ್ಟ್ ಬ್ಲಾಕ್ ಬ್ಲೂಸ್ ಅನ್ನೋ ಫ್ಯಾನುಗಳ ಗುಂಪು ಇರೋ ಕಡೆ ತೊಂಬತ್ತು ನಿಮಿಷವೂ ನಿಂತು ಹಾಡ್ತಾರೆ, ಡ್ರಮ್ ನಿಲ್ಲಲ್ಲ. ಮೊದಲ ಸಲ ಅದರ ಪಕ್ಕದ ಬ್ಲಾಕಲ್ಲಿ ಕೂರಿಸಿ. ಹಾಡು ಪೂರ್ತಿ ಕೇಳುತ್ತೆ, ಆಟವೂ ಕಾಣುತ್ತೆ.

ಕುವೆಂಪುನಗರದ ಅಮ್ಮ:

ತುಂಬಾ ಉಪಕಾರವಾಯ್ತು. ಅವಳ ಸ್ನೇಹಿತೆಯರಲ್ಲಿ ಹೆಚ್ಚಿನವರು ಆರ್ಸೆನಲ್ ಅಂತೆ. ಎಲ್ಲರೂ ಅದೇ ಅಂತ ಹಿಡಿದ್ರೆ ಅದು ನಿಜವಾದ ಬೆಂಬಲ ಆಗುತ್ತಾ? ಜೆರ್ಸಿ ಈಗಲೇ ಕೊಡಿಸ್ಲಾ?

ಸ್ವೀಪರ್, ಜಯಲಕ್ಷ್ಮೀಪುರಂ:

ಆಗುತ್ತೆ ಮೇಡಂ. ಲಿವರ್‌ಪೂಲಿನ ಮಕ್ಕಳೂ ಮನೆಯವರು, ಬೀದಿಯವರು ಅದೇ ಅಂತಾನೇ ಹಿಡಿಯೋದು. ಸೋಮವಾರ ಬೆಳಿಗ್ಗೆ ಮಾತಾಡೋಕೆ ನಾಲ್ಕು ಜನ ಇದ್ರೆ ಕ್ಲಬ್ ಉಳಿಯುತ್ತೆ, ಒಬ್ಬಳೇ ಇದ್ರೆ ಮೂರು ತಿಂಗಳಲ್ಲಿ ಬಿಟ್ಟುಹೋಗುತ್ತೆ. ಆರ್ಸೆನಲ್ಲಿನ ಹೆಣ್ಣುಮಕ್ಕಳ ತಂಡವೂ ದೊಡ್ಡದು, 2007ರಲ್ಲಿ ಯುರೋಪಿನ ಕಪ್ ಗೆದ್ದಿದ್ರು, 2025ರಲ್ಲಿ ಬಾರ್ಸಿಲೋನಾವನ್ನ 1–0 ಸೋಲಿಸಿ ಮತ್ತೆ ಗೆದ್ರು. ಅವಳಿಗೆ ಅದನ್ನೂ ಹಾಕಿ ತೋರಿಸಿ. ಆರ್ಸೆನಲ್ ಜೊತೆಗೆ ಬೆಂಗಳೂರು ಎಫ್‌ಸಿಯನ್ನೂ ಇಟ್ಕೊಳ್ಳಲಿ, ಇವೆರಡೂ ಒಂದೇ ಲೀಗಲ್ಲಿ ಎದುರಾಗಲ್ಲ.

ಮ್ಯಾಚು ನೋಡೋದನ್ನ ಹೀಗೆ ಶುರು ಮಾಡಿಸಿ. ಮೊದಲ ಕಾಲು ಗಂಟೆ ಚೆಂಡನ್ನ ಮರೆತು ಒಬ್ಬ ಡಿಫೆಂಡರನ್ನ, ಅಂದ್ರೆ ಹಿಂದೆ ನಿಂತು ಎದುರಾಳಿಗಳನ್ನ ತಡೆಯೋನನ್ನ, ಮಾತ್ರ ನೋಡೋದು. ಅವನ ಟೀಮಿನ ಹತ್ತಿರ ಚೆಂಡಿದ್ದಾಗ ಎಷ್ಟು ಮುಂದೆ ಬರ್ತಾನೆ, ಕಳ್ಕೊಂಡ ಕೂಡಲೇ ಯಾವ ಕಡೆ ಓಡ್ತಾನೆ, ಯಾರಿಗೆ ಕೈ ತೋರಿಸಿ ಜಾಗ ಹೇಳ್ತಾನೆ. ಟಿವಿ ಚೆಂಡಿನ ಹಿಂದೆಯೇ ಓಡೋದ್ರಿಂದ ಅವನು ಆಗಾಗ ಮರೆಯಾಗ್ತಾನೆ, ಮತ್ತೆ ಕಾಣಿಸ್ಕೊಂಡಾಗ ಎಲ್ಲಿದ್ದಾನೆ ಅಂತ ಗಮನಿಸೋದೇ ಆಟ ಕಲಿಯೋ ದಾರಿ. ಮುಂದಿನ ವಾರ ಮಿಡ್‌ಫೀಲ್ಡಿನವನು. ಇಷ್ಟಾದ್ಮೇಲೆ 0–0 ಮ್ಯಾಚೂ ಬೇಜಾರಾಗಲ್ಲ. ಗೋಲಿಗೆ ಮಾತ್ರ ಕಾಯೋ ಮಕ್ಕಳು ಸಾಲಾಗಿ ಎರಡು ಡ್ರಾ ಬಂದ್ರೆ ಚಾನೆಲ್ ಬದಲಾಯಿಸ್ತಾರೆ.

ಜೆರ್ಸಿ ಈಗ ಬೇಡ. ಕ್ಲಬ್ಬುಗಳು ಸಾಮಾನ್ಯವಾಗಿ ಪ್ರತಿ ಸೀಸನ್ನಿಗೂ ಹೊಸದು ಬಿಡ್ತವೆ, ಮಾರ್ಚ್ ಏಪ್ರಿಲ್‌ನಲ್ಲಿ ತಗೊಂಡ್ರೆ ಆಗಸ್ಟಿಗೆ ಹಳೇದಾಗುತ್ತೆ. ತಗೊಂಡಾಗ ಬೆನ್ನ ಮೇಲೆ ಆಟಗಾರನ ಹೆಸರು ಹಾಕಿಸಬೇಡಿ, ಅವನು ಜನವರಿಯಲ್ಲೇ ಬೇರೆ ಕಡೆ ಹೊರಟು ಹೋಗಬಹುದು. ಅವಳ ಹೆಸರೇ ಹಾಕಿಸಿ. ಬೆಳೆಯೋ ವಯಸ್ಸು, ಒಂದು ಅಳತೆ ದೊಡ್ಡದೇ ಇರಲಿ.